ಈಶ್ವರಯ್ಯನ ವೀರಗಲ್ಲು

ಸರ್ಕಾರದವರು ಹಾಕಿಸಿದ್ದ ಮುಳ್ಳುಬೇಲಿಯ ಕೆಳಗೆ ನುಸುಳಿ ಗುರುಸಿದ್ದಮ್ಮ ಒಳಗೆ ಹೋಗಿಯೇಬಿಟ್ಟಳು. 'ಹಳೆಯ ಕಾಳಗದ ವೀರಗಲ್ಲುಗಳು, ಯಾರೂ ಮುಟ್ಟಕೂಡದು' ಎಂದು ಹಲಗೆಯ ಮೇಲೆ ಬರೆದಿತ್ತು. ಓದು ಬಾರದವಳಿಗೆ ಹಲಗೆಯ ಹಂಗೇನು? ಎಲ್ಲಕ್ಕಿಂತ ಎತ್ತರದ ಕಲ್ಲಿನ ಮುಂದೆ ಕುಳಿತು, ಕತ್ತಿ ಹಿಡಿದ ವೀರನ ಕೆನ್ನೆ ಸವರಿದಳು.

"ನನ್ ಮಗ ಈಸಂಗೂ ಇಂಗೇ ಒಂದು ಮಾಡ್ಕೊಡು ಕೆಂಪಣ್ಣ."

ಜೊತೆಗೆ ಬಂದಿದ್ದ ಕೆಂಪಣ್ಣ ಶಾಂತಿಗ್ರಾಮದ ಸುತ್ತಮುತ್ತಲಿಗೆಲ್ಲ ಬೀಸುಕಲ್ಲು, ಒರಳು ಮಾಡಿಕೊಡುವವನು. ವೀರಗಲ್ಲು ಬೇಕೆಂದವರು ಅವನ ತಾತನ ಕಾಲದಲ್ಲೂ ಇರಲಿಲ್ಲ. ಆದರೆ ಈಶ್ವರಯ್ಯನನ್ನು ಬರ್ಮಾದ ಯುದ್ಧ ನುಂಗಿತ್ತು. ಮಣ್ಣು ಮಾಡಲು ದೇಹ ಬರಲಿಲ್ಲ. ಬಂದದ್ದು ಒಂದು ಟೆಲಿಗ್ರಾಂ. ಹೂವಿಡಲು ಮಗನದೊಂದು ಸಮಾಧಿಯೂ ಇಲ್ಲವಲ್ಲ ಎಂದು ತಾಯಿಯ ಜೀವ ಅಂದಿನಿಂದ ಹಂಬಲಿಸುತ್ತಿತ್ತು. ಅಂಥವಳಿಗೆ ಕೆಂಪಣ್ಣ ಆಗುವುದಿಲ್ಲ ಎನ್ನುವುದು ಹೇಗೆ?

"ಕೆತ್ತಿಕೊಡ್ತೀನವ್ವ. ಆದ್ರೆ ಕೈಗೆ ಬಾವುಟ ಯಾವ್ದು ಕೊಡ್ಲಿ? ನಮ್ ಮಾರಾಜ್ರದಾ, ಬಿಳೀರದಾ?"

"ಎರಡೂ ಬೇಡ!" ಬೇಲಿಯಾಚೆಯಿಂದ ಮೈದುನ ಚಂದ್ರಯ್ಯ ಕೂಗಿದ. ಖಾದಿ ಟೋಪಿ ಹಾಕಿದಂದಿನಿಂದ ಮೆಲ್ಲಗೆ ಮಾತಾಡುವುದನ್ನೇ ಮರೆತವನು. ದೆಹಲಿಗೆ ಸ್ವರಾಜ್ಯ ಬಂದು ತಿಂಗಳಾದರೂ ಮೈಸೂರಿಗೆ ಇನ್ನೂ ಬಂದಿಲ್ಲವೆಂದು ಬೇರೆ ಕುದಿಯುತ್ತಿದ್ದ. "ಮೂರು ಬಣ್ಣದ್ದು ಕೊಡು. ಇವತ್ತಲ್ಲ ನಾಳೆ ನಮ್ಗೂ ಅದೇ ಬಾವುಟ."

"ಅವ್ನು ಅದನ್ನ ಯಾವತ್ತೂ ಇಡೀಲಿಲ್ವಲ್ಲಪ್ಪ," ಎಂದಳು ಗುರುಸಿದ್ದಮ್ಮ.

"ಮತ್ತೆ, ಬಿಳಿಯರ ಸಂಬಳಕ್ಕೆ ಸತ್ತ ಅಂತ ಕೆತ್ತಿಸ್ತೀರಾ ಅತ್ಗೆ? ನಾಳೆ ಜನ ಉಗೀತಾರೆ."

ಆ ಮಾತು ಎದೆಗೇ ನಾಟಿತು. ಅವಳು ಹಳೆಯ ಕಲ್ಲಿನ ವೀರನತ್ತ ಬೆರಳು ತೋರಿದಳು. "ಈವಪ್ಪ ಯಾವ್ ರಾಜನ ಕಡೆಯೋನು ಕೆಂಪಣ್ಣ?"

"ಯಾರಿಗ್ ಗೊತ್ತವ್ವ? ಅಕ್ಸರ ಎಲ್ಲಾ ಸವ್ದೋಗವೆ."

"ಅಂಗಾರೆ ನನ್ ಮಗಂಗೂ ಬಾವುಟ ಬ್ಯಾಡ. ಪಕ್ಕದಾಗೆ ನಮ್ಮನೆ ಬಾಗ್ಲು ಕೆತ್ತು. ಅವನ್ ಮಕ ಆ ಕಡೆ ಇರ್ಲಿ."

ಕೆಂಪಣ್ಣ ಚಂದ್ರಯ್ಯನ ಮುಖ ನೋಡಿದ. ಚಂದ್ರಯ್ಯ ಟೋಪಿ ತೆಗೆದು ತಲೆ ಕೆರೆದುಕೊಂಡ. ರಾಜ ಯಾರಾದರೂ ಆಗಲಿ, ದೇಶ ಯಾವುದಾದರೂ ಆಗಲಿ, ವೀರಗಲ್ಲಿಗೆ ಒಂದು ಕಟ್ಟಳೆಯುಂಟು: ವೀರನ ಮುಖ ಶತ್ರುವಿನ ಕಡೆಗೇ ಇರಬೇಕು. ಅದನ್ನು ಈ ತಾಯಿಗೆ ಹೇಳುವವರು ಯಾರು?

ಕಡೆಗೆ ಕೆಂಪಣ್ಣನೇ ಬಾಯಿಬಿಟ್ಟ. "ಅಂಗೆ ಕೆತ್ತಬಾರ್ದು ಕಣವ್ವ. ನೋಡ್ದೋರು, ಬೆನ್ನು ತೋರ್ಸಿ ಮನೆಗೆ ಓಡ್ಬಂದ ಅಂತಾರೆ."

"ಅನ್ಲಿ ಕಣಪ್ಪ," ಎಂದಳು ಗುರುಸಿದ್ದಮ್ಮ. "ನನ್ ಮಗ ಮನೆಗೆ ಬಂದ ಅಂತ ಒಬ್ರಾದ್ರೂ ಅನ್ಲಿ."