ನಡುಹೊಳೆಯ ಉಳ್ಳಾಗಡ್ಡಿ ವಡೆ

ಎಪ್ಪತ್ತೆಂಟರ ಶ್ರಾವಣ. ಆ ಶನಿವಾರ ಬೆಳಿಗ್ಗೆ ಜಿಟಿಜಿಟಿ ಮಳೆ ಆಗಷ್ಟೇ ನಿಂತು, ಕೃಷ್ಣೆಯ ಮೇಲೆ ತೆಳುವಾಗಿ ಮಂಜು ಹಾಸಿತ್ತು. ಹರಗೋಲು ಹತ್ತಿದ ವಿಠ್ಠಲಾಚಾರ್ಯರು ದಂಡೆಯ ಕಡೆ ತಿರುತಿರುಗಿ ನೋಡಿದರು. ಯಾರೂ ಇರಲಿಲ್ಲ.

"ಇನ್ನಷ್ಟು ದೂರ ಹೋಗಲಿ ಬೂದೆಪ್ಪಾ."

ದೇವದುರ್ಗ ತಾಲ್ಲೂಕಿನ ಆ ಹೊಳೆದಂಡೆಯ ಊರಿನಲ್ಲಿ ಚಾತುರ್ಮಾಸ್ಯದ ಪುರಾಣ ಹೇಳುವವರು ಆಚಾರ್ಯರೇ. ಶನಿವಾರ ನಡುಗಡ್ಡೆಯ ಹನುಮಪ್ಪನ ಪೂಜೆ ಎಂಬುದು ನೆಪ. ರಾಯಚೂರಿನ ಸೋದರಳಿಯ ಬೊಂಬಾಯಿಯಿಂದ ಗೋವೆಗೆ ಹಡಗಿನಲ್ಲಿ ಹೋಗಿ, ನೀರಿನ ಮೇಲೆ ಕೂತು ತಿಂದದ್ದನ್ನೆಲ್ಲ ಬಣ್ಣಿಸಿದಂದಿನಿಂದ ಅವರ ನಾಲಗೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹೊಟ್ಟೆ ಒಪ್ಪಿದರೆ ಹರಗೋಲೂ ಹಡಗೇ.

ನಡುಹೊಳೆಯಲ್ಲಿ ಬೂದೆಪ್ಪ ಹುಟ್ಟು ಒಳಗಿಟ್ಟು ಮುತ್ತುಗದೆಲೆಯ ಪೊಟ್ಟಣ ಬಿಚ್ಚಿದ. ಉಳ್ಳಾಗಡ್ಡಿ ವಡೆ. ಅವನ ಹೆಂಡತಿ ಯಮನಮ್ಮ ಕೊಟ್ಟು ಕಳಿಸಿದ್ದು. ಹೋದ ತಿಂಗಳವರೆಗೆ ಆಚಾರ್ಯರು ಉಳ್ಳಾಗಡ್ಡಿಯ ರುಚಿಯನ್ನೇ ಕಂಡವರಲ್ಲ. ಊರಿಗೆ ತಿಳಿದರೆ ಪುರಾಣದ ಪೀಠ ಹೋದೀತು. ಹೆಂಡತಿ ಸತ್ಯಭಾಮಾಬಾಯಿಗೆ ತಿಳಿದರೆ ಮನೆಯ ಬಾಗಿಲೂ ಮುಚ್ಚೀತು.

"ಹರಿಯೋ ನೀರಿಗೆ ಮೈಲಿಗಿ ಇಲ್ಲೋ," ಎನ್ನುತ್ತ ಕಚ್ಚಿದರು. ಕಣ್ಣು ಮುಚ್ಚಿದರು. "ಅಲ್ಲಾ, ಉಳ್ಳಾಗಡ್ಡಿ ಕಣ್ಣಿಗೆ ಕಾಣವಲ್ದಲ್ಲ?"

"ರುಬ್ಬಿ ಹಾಕ್ಯಾಳ್ರೀ ಆಚಾರ್ರ. ಯಾರರ ನೋಡಿದ್ರ ಅಂತ."

"ಭಾಳ ಶ್ಯಾಣ್ಯಾಕಿ ಬಿಡು! ಏನು ಘಮಾ ಅದ! ಋಷಿಗಳು ಇದನ್ನ ಯಾಕ ಬ್ಯಾಡ ಅಂದ್ರು ಈಗ ತಿಳೀತು. ತಿಂದವ ತಪಸ್ಸಿಗೆ ಕೂಡಾಂಗಿಲ್ಲ. ನಮ್ಮಾಕಿ ಇಷ್ಟು ವರ್ಷ ಬರೇ ಇಂಗು ಹಾಕಿ ಹಾಕಿ ನನ್ನ ನಾಲಿಗಿ ಕೊಂದಾಳ ನೋಡು."

ಬೂದೆಪ್ಪ ನೀರಿನತ್ತ ಮುಖ ತಿರುಗಿಸಿದ. ಹುಟ್ಟು ಹಾಕದಿದ್ದರೂ ಅವನ ಹೆಗಲು ಕುಲುಕುತ್ತಿತ್ತು.

ದಂಡೆಗೆ ಬಂದ ಮೇಲೆ ಆಚಾರ್ಯರು ಬಾಯಿ ಮುಕ್ಕಳಿಸಿ, ತುಳಸಿ ಅಗಿದು, ದೇವರ ನಾಮ ಹೇಳಿಕೊಳ್ಳುತ್ತ ಮನೆಗೆ ಹೋದರು. ಮಧ್ಯಾಹ್ನ ಸತ್ಯಭಾಮಾಬಾಯಿ ಎಲೆಗೆ ವಡೆ ಬಡಿಸಿದರು. ಒಂದು ತುಂಡು ಬಾಯಿಗಿಟ್ಟು ಆಚಾರ್ಯರು ಮುಖ ಸಿಂಡರಿಸಿದರು.

"ಇದಕ್ಕ ವಡಿ ಅಂತಾರೇನು? ನಿನ್ನ ಕೈಗೆ ರುಚಿ ಅಂಬೋದು ಗೊತ್ತೇ ಇಲ್ಲ."

"ಹೌದೇನ್ರೀ? ಇನ್ನೊಂದು ಹಾಕಲೇನು?"

"ಬ್ಯಾಡವಾ ತಾಯಿ."

ಸಂಜೆ ಪುರಾಣ ರಂಗೇರಿತು. ಉಳ್ಳಾಗಡ್ಡಿ ತಿಂದವರನ್ನು ಯಮದೂತರು ಯಾವ ಎಣ್ಣೆಯಲ್ಲಿ, ಎಷ್ಟು ಹದಕ್ಕೆ ಕರಿಯುತ್ತಾರೆಂದು ಆಚಾರ್ಯರು ಬಣ್ಣಿಸುತ್ತಿದ್ದರೆ ಗುಡಿಯಲ್ಲಿದ್ದ ಮುದುಕಿಯರು ಗಲ್ಲ ಬಡಿದುಕೊಂಡರು. ಸತ್ಯಭಾಮಾಬಾಯಿ ಮಾತ್ರ ಅಲ್ಲಿರಲಿಲ್ಲ. ಅವರ ಹಿತ್ತಲ ಬಾಗಿಲಲ್ಲಿ ಯಮನಮ್ಮ ನಿಂತಿದ್ದಳು.

"ಬಾಯಾರ, ನೀವು ಮಾಡಿಕೊಟ್ಟ ಇಂಗಿನ ವಡಿ ಇವತ್ತೂ ಒಂದೂ ಉಳೀಲಿಲ್ರಿ," ಎಂದು ಅವಳು ತೊಳೆದು ತಂದ ಹಿತ್ತಾಳೆ ಡಬ್ಬಿಯನ್ನು ಸದ್ದಿಲ್ಲದೆ ಅವರ ಕೈಗಿಟ್ಟಳು.