ಚಿನ್ನದ ಅಂಚಿನ ಕಪ್‌ಗಳು

ಮೂರನೇ ಮನೆಯಲ್ಲೂ ಚಹಾ ಚಿನ್ನದ ಅಂಚಿನ ಪಿಂಗಾಣಿ ಕಪ್‌ನಲ್ಲೇ ಬಂದಾಗ ಹೊಸ ತನಿಖಾಧಿಕಾರಿಯ ಪೆನ್ನು ಚುರುಕಾಯಿತು.

ಸೋರುವ ಸೂರುಗಳ ರಿಪೇರಿಗೆ ಅವಳ ಕಚೇರಿ ನೆರವು ಕೊಡುತ್ತಿತ್ತು. ಅರ್ಜಿ ಹಾಕಿದವರು ನಿಜಕ್ಕೂ ಬಡವರೇ ಎಂದು ನೋಡಿ ಬರುವುದು ಅವಳ ಮೊದಲ ದಿನದ ಕೆಲಸ. ನಮೂನೆಯ ಏಳನೇ ಕಾಲಂ: ‘ಮನೆಯಲ್ಲಿ ಬೆಲೆಬಾಳುವ ವಸ್ತುಗಳಿವೆಯೇ?’ ‘ಹೌದು’ ಎಂದರೆ ನೆರವಿಲ್ಲ. ಮಳೆಗಾಲವನ್ನು ಬಕೆಟ್ಟುಗಳ ಜೊತೆ ಕಳೆಯಬೇಕು.

ಮೊದಲೆರಡು ಮನೆಗಳಿಗೆ ಅವಳು ‘ಹೌದು’ ಎಂದು ಬರೆದಾಗಿತ್ತು. ಸೂರು ಸೋರಿದರೇನು, ಶೋಕಿಗೇನೂ ಕಡಿಮೆಯಿಲ್ಲ.

ಸಿಟ್ಟು ಬಂದದ್ದು ಜೊತೆಗಿದ್ದ ಹಿರಿಯ ಮೇಡಂ ಮೇಲೆ. ನಿವೃತ್ತಿಗೆ ಮೂರು ತಿಂಗಳಿದ್ದ ಅವರು ತನಿಖೆಗಲ್ಲ, ಬೀಗರ ಮನೆಗೆ ಬಂದಂತಿದ್ದರು. ಗುಟುಕು ಗುಟುಕಾಗಿ ಚಹಾ ಹೀರುತ್ತಿದ್ದರು. ಮುಂದಿನ ಬಾಗಿಲಿಗೆ ಹತ್ತೇ ಹೆಜ್ಜೆ. ಅಷ್ಟರೊಳಗೆ ನಿಂತು, ಬಗ್ಗಿ, ಚಪ್ಪಲಿಯ ಬಕಲ್ ಸರಿಮಾಡಿಕೊಳ್ಳುತ್ತಿದ್ದರು.

“ಇನ್ನು ಕೊನೇ ಮನೆಗೆ ಹೋಗ್ತೀವಮ್ಮ,” ಎಂದರು ಈಗ, ಅಡುಗೆಮನೆಗೂ ಕೇಳುವಷ್ಟು ಜೋರಾಗಿ. “ನಮಗೇನೂ ಅವಸರ ಇಲ್ಲ.”

ಕೊನೆಯ ಮನೆಯಾಕೆ ಚಹಾ ತರುವಾಗ ಏದುಸಿರು ಬಿಡುತ್ತಿದ್ದಳು. ಅಡುಗೆಮನೆಯಿಂದ ಇಲ್ಲಿಗೆ ನಾಲ್ಕು ಹೆಜ್ಜೆ. ಕಪ್‌ಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದರ ಹಿಡಿ ಮುರಿದು, ಅಂಟಿಸಿದ್ದು. ಅದನ್ನು ಮೇಡಂ ನೋಡದೆಯೇ ಎತ್ತಿಕೊಂಡರು. ಮೊದಲ ಮನೆಯಲ್ಲೂ ಅವರ ಕೈಯಲ್ಲಿದ್ದದ್ದು ಅದೇ ಹಿಡಿ!

ಹೊರಗೆ ಬಂದೊಡನೆ ಹೊಸ ಅಧಿಕಾರಿ ಮೇಡಂ ಅವರನ್ನು ತಡೆದಳು. “ಮೇಡಂ, ಇಡೀ ಬೀದಿಗೆ ಇರೋದು ಒಂದೇ ಸೆಟ್ಟು. ಹಿತ್ತಿಲಿಂದ ಸಾಗಿಸ್ತಿದಾರೆ. ಇದು ಮೋಸ.”

“ಮೋಸ ಮಾಡೋರು ಇರೋದನ್ನ ಬಚ್ಚಿಡ್ತಾರೆ ಮರಿ. ಇವರು ಇಲ್ಲದ್ದನ್ನ ತಂದು ತೋರಿಸ್ತಿದಾರೆ. ನಿನಗೆ ಸೊಟ್ಟ ಲೋಟದಲ್ಲಿ ಕೊಡೋಕೆ ಅವರಿಗೆ ನಾಚಿಕೆ.”

ಅವಳ ಮುಖ ಬಿಸಿಯಾಯಿತು. ತಾನು ಕಣ್ಣಲ್ಲೇ ಬೆಲೆ ಕಟ್ಟುತ್ತಿದ್ದಾಗ ಆ ಮನೆಯವರು ತನಗೆ ಮರ್ಯಾದೆ ಮಾಡುತ್ತಿದ್ದರು. ಗೋಡೆಗೆ ನಮೂನೆಗಳನ್ನು ಒತ್ತಿಕೊಂಡು ಬರೆದಿದ್ದ ‘ಹೌದು’ಗಳನ್ನೆಲ್ಲ ಹೊಡೆದು ಹಾಕಿದಳು. ನಾಲ್ಕು ಮನೆಗೂ ‘ಇಲ್ಲ’ ಬಿತ್ತು.

ತಲೆ ತಗ್ಗಿಸಿದವಳಿಗೆ ಮೇಡಂ ಚಪ್ಪಲಿ ಕಂಡಿತು. ಅದಕ್ಕೆ ಬಕಲ್ಲೇ ಇರಲಿಲ್ಲ.

“ನಿಮಗೆ ಮೊದಲೇ ಗೊತ್ತಿತ್ತಾ?”

“ಆ ಹಿಡಿ ಮುರಿದವಳೇ ನಾನು,” ಎಂದರು ಮೇಡಂ. “ಆಗ ನನಗೆ ಏಳು ವರ್ಷ, ಇದೇ ಬೀದಿಲಿದ್ವಿ. ಅವತ್ತು ಬಂದಿದ್ದ ಅಧಿಕಾರಿನೂ ನಿನ್ನ ಹಾಗೇ ಬಿರಬಿರನೆ ನಡೀತಿದ್ದರು. ಹಿತ್ತಿಲಲ್ಲಿ ಟ್ರೇ ಹಿಡ್ಕೊಂಡು ಓಡೋಳ ಗತಿ ಏನಾಗಬೇಕು ಹೇಳು.”