ಶನಿವಾರದ ಹಾರಾಟ

ಬೆಳಿಗ್ಗೆ ಯಮುನಾ ಗಂಡನ ಬಿಳಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಾಗಲೇ ಆಫೀಸಿನಿಂದ ಫೋನು ಬಂತು. ಸಿಂಗಪುರದ ವಿಮಾನಗಳನ್ನೆಲ್ಲ ಇನ್ನು ಮುಂದೆ ಪಾಲುದಾರ ವಿದೇಶಿ ಕಂಪನಿಯವರೇ ಹಾರಿಸುತ್ತಾರಂತೆ. ಕ್ಯಾಪ್ಟನ್ ಶ್ರೀನಾಥ್‌ಗೆ ಈ ತಿಂಗಳು ಉಳಿದದ್ದು ಶನಿವಾರದ ಒಂದೇ ಹಾರಾಟ.

“ಅದನ್ನ ವಸಂತ್‌ಗೆ ಕೊಟ್ಬಿಡಿ,” ಎಂದರು ಶ್ರೀನಾಥ್ ಫೋನಿನಲ್ಲೇ. “ಈಗಷ್ಟೇ ಕ್ಯಾಪ್ಟನ್ ಆಗಿದ್ದಾನೆ. ಈ ತಿಂಗಳು ಹಾರದಿದ್ರೆ ಮತ್ತೆ ಪರೀಕ್ಷೆಗೆ ಕೂರ್ಬೇಕಾಗುತ್ತೆ.”

“ಒಳ್ಳೆ ಕರ್ಣ ನೀವು,” ಎಂದಳು ಯಮುನಾ.

“ನನ್ನ ಕೈ ಪಳಗಿದೆ ಕಣೇ. ಅವನ್ದು ಇನ್ನೂ ಎಳೇದು.”

ಅವಳಿಗೆ ಕೋಪ ಬರಲಿಲ್ಲ. ಶನಿವಾರ ಬೇಕಿಲ್ಲದ ಆ ಅಂಗಿಯ ತೋಳುಗಳನ್ನೂ ಒಂದು ಸುಕ್ಕು ಉಳಿಯದಂತೆ ತೀಡಿದಳು. ದೊಮ್ಮಲೂರಿನ ಮನೆಗಳ ಮೇಲಿಂದ ವಿಮಾನವೊಂದು ಗುಡುಗಿಕೊಂಡು ಪಕ್ಕದ ನಿಲ್ದಾಣಕ್ಕೆ ಇಳಿಯಿತು. ಶ್ರೀನಾಥ್ ಕಿಟಕಿಯತ್ತ ತಿರುಗಲಿಲ್ಲ. ಹಾಲಿನ ಲೋಟ ಹಿಡಿದು ಅಪ್ಪನನ್ನೇ ನೋಡುತ್ತಿದ್ದ ಮಗಳು ಹಂಸ ಕೊನೆಗೆ ಕೇಳಿಯೇಬಿಟ್ಟಳು:

“ಅಪ್ಪಾ, ನಿಂಗೆ ಹಾರ್ಬೇಕು ಅನ್ಸಲ್ವಾ?”